ದುಕಾನಿನ ಫೋಟೋ ಕೆಲಸದ ಹುಡುಗನ ಜಿಮೇಲಿನ್ಯಾಗ ಇಡಬ್ಯಾಡ್ರಿ

ನಮ್ದು ಬೀದರ್‌ನ್ಯಾಗ ಚೌಬಾರಾ ಹತ್ರ ಸಣ್ಣ ಬಿದ್ರಿ ದುಕಾನ್ ಅದ. ಹೂದಾನಿ, ಸುರಾಹಿ, ಡಬ್ಬಿ ಹಿಂಗ ನಾಕನೂರು ಐಟಂ. ಬಿದ್ರಿ ಫೋಟೋ ತೆಗಿಯೋದು ಸುಲಭ ಅಲ್ರಿ, ಕರೀ ಮೈ ಮ್ಯಾಲ ಬೆಳ್ಳಿ ತಂತಿ, ಲೈಟ್ ಸ್ವಲ್ಪ ಜಾಸ್ತಿ ಆದ್ರ ಬೆಳ್ಳಿ ಹೊಳ್ದು ಹೂವಿನ ಎಸಳೇ ಕಾಣಲ್ಲ, ಕಮ್ಮಿ ಆದ್ರ ಇಡೀ ಸುರಾಹಿನೇ ಕತ್ತಲಿಯೊಳಗ ಹೋಗ್ತದ, ನಮ್ಮಣ್ಣ ಕಿಟಕಿಗಿ ಬಿಳಿ ಧೋತರ ಕಟ್ಟಿ ಆ ಬೆಳಕಿನ್ಯಾಗ ಒಂದೊಂದಾಗಿ ತೆಗ್ದಿದ್ದ, ಒಂದೂವರೆ ತಿಂಗಳು ಹಿಡೀತು.

ಅವನ್ನ ಜೋಡಸ್ಲಾಕ ಒಬ್ಬ ಹುಡುಗನ್ನ ಇಟ್ಕೊಂಡಿದ್ವಿ. ಕೆಲಸ ಛಲೋ ಮಾಡ್ದ, ಸುಳ್ಯಾಕ ಹೇಳ್ಲಿ, ಐಟಂ ನಂಬರ್ ಹಾಕಿ ಫೋಲ್ಡರ್ ಮಾಡಿ ಗೂಗಲ್ ಡ್ರೈವಿಗಿ ಏರಿಸಿ ಲಿಂಕ್ ಕಳಿಸ್ದ. ನನ್ನ ಫೋನಿನ್ಯಾಗ ಎಲ್ಲಾ ಕಾಣ್ತಿತ್ತು, ಹೆಸರು ಬದಲಾಯಿಸ್ಲಾಕೂ ಬರ್ತಿತ್ತು, ಹಂಗಾಗಿ ನಮ್ದೇ ಅನ್ಕೊಂಡು ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಿ ಅಕ್ಕನ ಮಗಳ ಮದುವಿಗಿ ಒಯ್ದೆ. ಹುಚ್ಚ ನಾನು.

ಆದ್ರ ಆ ಫೋಲ್ಡರಿಗಿ ಓನರ್ ಅಂತ ಅವನ ಜಿಮೇಲ್ ಇತ್ರಿ. ಕೆಲಸ ಬಿಟ್ಟು ಹೈದರಾಬಾದಿಗಿ ಹೋದ, ಅಲ್ಲಿ ಅವನ 15 ಜಿಬಿ ತುಂಬಿ (ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಕೂಡಿ ಫ್ರೀ ಜಾಗ ಅಷ್ಟೇ) ಇಂಟರ್‌ವ್ಯೂ ಮೇಲ್ ಬರೋದೇ ನಿಂತದ, ನಮ್ಮ ಫೋಲ್ಡರ್ ಅಳಿಸ್ಯಾನ, ಟ್ರ್ಯಾಶೂ ಖಾಲಿ ಮಾಡ್ಯಾನ. ಟ್ರ್ಯಾಶಿನ್ಯಾಗ ಬಿಟ್ಟಿದ್ರ 30 ದಿನ ಇರ್ತಿತ್ತು. ಫೋನ್ ಹಚ್ಚಿದ್ರ "ಕಾಕಾ, ನಿಮ್ಮತ್ರ ಕಾಪಿ ಇರ್ತದ ಅನ್ಕೊಂಡಿದ್ದೆ" ಅಂದ. ಏನಂತ ಬೈಲಿ ಅವಂಗ?

ಉಳಿದಿದ್ದು ಗಿರಾಕಿಗೋಳಿಗಿ ವಾಟ್ಸಾಪ್ ಮಾಡಿದ್ದು ನೂರು ಚಿಲ್ಲರ. ಅದೇ ವಾರ ಒಬ್ಬ ವ್ಯಾಪಾರಿ ಕ್ಯಾಟಲಾಗ್ ಪ್ರಿಂಟಿಗಿ ಫೋಟೋ ಕೇಳಿದ್ದ. ವಾಟ್ಸಾಪ್ ಫೋಟೋ ಕುಗ್ಗಿಸಿಬಿಡ್ತದಲ್ರಿ, ದೊಡ್ದು ಮಾಡಿ ನೋಡಿದ್ರ ಕೂದಲೆಳಿಯಂಥ ತಾರ್‌ಕಶಿ ತಂತಿ ಬೂದಿ ಒರಸಿದಂಗ ಕಾಣ್ತದ. ಆ ಆರ್ಡರ್ ಹೋಯ್ತು. ಇನ್ನ ಎಷ್ಟೋ ಮಾಲು ಮಾರಿ ಹೋಗ್ಯಾವ, ಫೋಟೋ ತೆಗಿಬೇಕಂದ್ರ ಸಿಗೋದೂ ಇಲ್ಲ.

ಇವತ್ತೇ ನಿಮ್ಮ ಡ್ರೈವ್ ತೆಗ್ದು ಫೋಲ್ಡರಿನ, ಒಳಗಿನ ಫೋಟೋಗೋಳ ಡಿಟೇಲ್ಸ್‌ನ್ಯಾಗ ಓನರ್ ಅಂತ ಯಾರ ಹೆಸರದ ನೋಡ್ರಿ. ನಿಮ್ದಲ್ಲ ಅಂದ್ರ ಮಾತಾಡ್ಕೋತ ಕೂಡಬ್ಯಾಡ್ರಿ, ಮೊದಲು ಡೌನ್‌ಲೋಡ್ ಮಾಡಿ ಹಾರ್ಡ್ ಡಿಸ್ಕಿಗಿ ಹಾಕ್ರಿ, ಆಮೇಲೆ ದುಕಾನ್ ಹೆಸರಿನ ಜಿಮೇಲಿಂದ ಹೊಸ ಫೋಲ್ಡರ್ ಮಾಡಿ, ಫೋಟೋನೂ ಅದೇ ಜಿಮೇಲಿಂದ ಏರಿಸಿ (ಯಾರು ಏರಿಸ್ತಾರೋ ಫೈಲಿಗಿ ಅವರೇ ಓನರ್), ಕೆಲಸದವರಿಗಿ ಎಡಿಟರ್ ಅಷ್ಟೇ ಕೊಡ್ರಿ. ಎಡಿಟರ್ ಅಂದ್ರ ಬಾಡಿಗಿದಾರ ಇದ್ದಂಗ, ನಾನು ನನ್ನ ಮಾಲಿಗೇ ಬಾಡಿಗಿದಾರ ಆಗಿದ್ದೆ. ವಾಟ್ಸಾಪ್‌ನ್ಯಾಗ ಒರಿಜಿನಲ್ ಕಳಿಸೋದಿದ್ರ ಡಾಕ್ಯುಮೆಂಟ್ ಅಂತ ಕಳಸ್ರಿ.

ಅಣ್ಣ ಮತ್ತ ಕಿಟಕಿಗಿ ಧೋತರ ಕಟ್ಯಾನ. ನನ್ನ ಸಂಗಟ ಮಾತಿಲ್ಲ. ನಿನ್ನಿತನಕ ಹನ್ನೊಂದು ಐಟಂ ಆಗ್ಯಾವ.