ಅಚ್ಚಿನ ಕಾರು ಮಾಸಪತ್ರಿಕೆ: ಇಪ್ಪತ್ತೆರಡು ವರ್ಷ ದುಡ್ಡು ಕೊಟ್ಟು ಓದಿದವನ ವಿಮರ್ಶೆ

ಚಂದಾ ಅವಧಿ ಮುಂದಿನ ತಿಂಗಳಿಗೆ ಮುಗಿಯುತ್ತದೆ, ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಬೆನ್ನಿಗೆ ಹಾಕಿಕೊಳ್ಳುವ ಚೀಲವೊಂದು ಉಚಿತ ಎಂಬ ಮಿಂಚಂಚೆ ಬಂದು ವಾರವಾಯಿತು. ಹಿಂದೆಲ್ಲ ಇಂಥ ಪತ್ರ ಬಂದ ದಿನವೇ ಹಣ ಕಟ್ಟುತ್ತಿದ್ದವನು ಈ ಬಾರಿ ತಡೆದು ಕುಳಿತಿದ್ದೇನೆ. ಕಾರು ಪತ್ರಿಕೆಯನ್ನು ಅಚ್ಚಿನಲ್ಲಿ ಕೊಳ್ಳಬೇಕೇ ಬೇಡವೇ ಎಂದು ಲೆಕ್ಕ ಹಾಕುತ್ತಿರುವ ಬೇರೆಯವರಿಗೂ ಉಪಯೋಗವಾಗಲಿ ಎಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನಾನು ಬಳಸಿದ ಉತ್ಪನ್ನ, ಭಾರತದಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗುವ ಕಾರು ಮಾಸಪತ್ರಿಕೆ. 2003ರಲ್ಲಿ ಹಾಸನದ ಬಸ್ ನಿಲ್ದಾಣದ ಪತ್ರಿಕೆ ಅಂಗಡಿಯಲ್ಲಿ ಬಿಡಿ ಸಂಚಿಕೆ ಕೊಳ್ಳುವುದರಿಂದ ಆರಂಭಿಸಿ, 2006ರಲ್ಲಿ ಚಂದಾದಾರನಾದೆ. ನಡುವೆ ಕೆಲವು ವರ್ಷ ಎರಡು ಪತ್ರಿಕೆಗಳನ್ನು ತರಿಸುತ್ತಿದ್ದೆ, ಈಗ ಒಂದೇ. ಅವುಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನನ್ನ ಮೆಚ್ಚುಗೆಯೂ ದೂರುಗಳೂ ಒಂದು ಸಂಸ್ಥೆಗೆ ಸೇರಿದವಲ್ಲ, ಈ ಬಗೆಯ ಪತ್ರಿಕೆಗೇ ಸೇರಿದವು.

ಈ ಪತ್ರಿಕೆಗಳು ನಮ್ಮಲ್ಲಿ ಬೇರೂರಿದ ಕಾಲವನ್ನು ನೆನೆಯದೆ ಅವುಗಳ ಇಳಿಕೆ ಅರ್ಥವಾಗುವುದಿಲ್ಲ. ಓವರ್‌ಡ್ರೈವ್ ಪತ್ರಿಕೆ 1998ರಲ್ಲಿ ಬಂತು, ಆಟೋಕಾರ್ ಇಂಡಿಯಾ 1999ರಲ್ಲಿ. ಸ್ಯಾಂಟ್ರೊ, ಮಾಟಿಜ್, ಇಂಡಿಕಾ ಕಾರುಗಳು ಮೂರೂ 1998ರಲ್ಲೇ ಕಾಣಿಸಿಕೊಂಡವು. ಅದಕ್ಕೆ ಮುಂಚೆ ಕಾರು ಕೊಳ್ಳುವ ಮಧ್ಯಮವರ್ಗದ ಮನೆಯಲ್ಲಿ ‘ಯಾವುದು’ ಎಂಬ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ, ‘ಯಾವಾಗ’ ಎಂಬುದಷ್ಟೇ ಏಳುತ್ತಿತ್ತು. ಆಯ್ಕೆ ಹುಟ್ಟಿದೊಡನೆ ಹೋಲಿಕೆ ಹುಟ್ಟಿತು, ಹೋಲಿಸಿ ಹೇಳುವವರಿಗೆ ಬೆಲೆ ಬಂತು. ಬ್ರಿಟನ್ನಿನಲ್ಲಿ ದಿ ಆಟೋಕಾರ್ 1895ರಷ್ಟು ಹಿಂದೆಯೇ, ಅಂದರೆ ಕಾರೆಂಬುದೇ ಬೀದಿಯ ವಿಸ್ಮಯವಾಗಿದ್ದಾಗಲೇ, ಆರಂಭವಾಗಿತ್ತು. ಅಲ್ಲಿ ನೂರು ವರ್ಷಗಳಲ್ಲಿ ಬೆಳೆದ ಪತ್ರಿಕಾ ಪದ್ಧತಿ ನಮಗೆ ಸಿದ್ಧ ರೂಪದಲ್ಲಿ ಸಿಕ್ಕಿತು, ಮತ್ತು ನಾವು ಅದನ್ನು ಒಂದೇ ತಲೆಮಾರಿನಲ್ಲಿ ಉಂಡು ಮುಗಿಸುತ್ತಿದ್ದೇವೆ.

ಇನ್ನು ಬಳಕೆಯ ಅನುಭವ. ಕಾರು ಪತ್ರಿಕೆಯ ಸತ್ವ ಮುಖಪುಟದ ಕೆಂಪು ಕಾರಿನಲ್ಲಿಲ್ಲ, ರೋಡ್ ಟೆಸ್ಟ್, ಅಂದರೆ ಕಾರನ್ನು ಓಡಿಸಿ ಅಳೆದು ಬರೆದ, ಲೇಖನದ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುವ ಕೋಷ್ಟಕದಲ್ಲಿದೆ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಎಷ್ಟು ಸೆಕೆಂಡು, ಮೂರನೆಯ ಗೇರಿನಲ್ಲಿ 20ರಿಂದ 80ಕ್ಕೆ ಎಷ್ಟು, ನಾಲ್ಕನೆಯ ಗೇರಿನಲ್ಲಿ 40ರಿಂದ 100ಕ್ಕೆ ಎಷ್ಟು, 80ರ ವೇಗದಿಂದ ಬ್ರೇಕ್ ಒತ್ತಿದರೆ ನಿಲ್ಲಲು ಎಷ್ಟು ಮೀಟರ್, ಊರೊಳಗಿನ ಮೈಲೇಜ್ ಎಷ್ಟು, ಹೆದ್ದಾರಿಯದು ಎಷ್ಟು. ಈ ಅಂಕಿಗಳನ್ನು ಕಾರಿನ ಸ್ಪೀಡೋಮೀಟರ್ ನೋಡಿ ಬರೆಯುವುದಿಲ್ಲ. ಸ್ಪೀಡೋಮೀಟರ್ ಸಾಮಾನ್ಯವಾಗಿ ನಿಜವಾದ ವೇಗಕ್ಕಿಂತ ತುಸು ಹೆಚ್ಚನ್ನೇ ತೋರಿಸುವಂತೆ ಹೊಂದಿಸಿರುತ್ತಾರೆ. ಮುಳ್ಳು 100ನ್ನು ಮುಟ್ಟಿದಾಗ ಕಾರು 95ರ ಆಸುಪಾಸಿನಲ್ಲಿರಬಹುದು. ಹಾಗಾಗಿ ಮೊಬೈಲಿನಲ್ಲಿ ಮೀಟರನ್ನು ಚಿತ್ರೀಕರಿಸಿ, ಪಕ್ಕದಲ್ಲಿ ಗಡಿಯಾರ ಓಡಿಸಿ ಹೇಳುವ ಸೆಕೆಂಡುಗಳಿಗೂ, ಜಿಪಿಎಸ್ ಆಧಾರದ ಉಪಕರಣವನ್ನು ಕಾರಿಗೆ ಜೋಡಿಸಿ ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆದ ಸೆಕೆಂಡುಗಳಿಗೂ ಅಜಗಜಾಂತರವಿದೆ. ಅದಕ್ಕಿಂತ ಮುಖ್ಯವಾದುದು, ಇಂದಿನ ಕಾರನ್ನೂ ಹತ್ತು ವರ್ಷದ ಹಿಂದಿನ ಕಾರನ್ನೂ ಒಂದೇ ಕ್ರಮದಲ್ಲಿ ಅಳೆದಿರುತ್ತಾರೆ ಎಂಬುದು.

ಇದರ ಉಪಯೋಗ ನನಗೆ ತಿಳಿದದ್ದು 2013ರಲ್ಲಿ, ಆರು ವರ್ಷ ಓಡಿದ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರೊಂದನ್ನು ನೋಡಲು ಹೋದಾಗ. ಆ ಕಾಲಕ್ಕೆ ಹಲವು ಕಂಪನಿಗಳ ಕಾರುಗಳಲ್ಲಿ ಕುಳಿತಿದ್ದ 1.3 ಲೀಟರಿನ ಟರ್ಬೊ (ಹೆಚ್ಚು ಗಾಳಿಯನ್ನು ಒಳಗೆ ತಳ್ಳಿ ಬಲ ಹೆಚ್ಚಿಸುವ ಸಾಧನ) ಎಂಜಿನ್ ಅದರಲ್ಲಿತ್ತು. ಮಾರುವವರು ಪಿಕಪ್ ಅದ್ಭುತವಾಗಿದೆ ಎನ್ನುತ್ತಿದ್ದರು, ಬೈಪಾಸಿನಲ್ಲಿ ಓಡಿಸಿದಾಗ ನನಗೂ ಹಾಗೆಯೇ ಅನಿಸಿತು. ಮನೆಗೆ ಬಂದು ಅಟ್ಟ ಹತ್ತಿ 2007ರ ಸಂಚಿಕೆಯನ್ನು ಹುಡುಕಿ ತೆಗೆದೆ. ನಿಂತಲ್ಲಿಂದ 100ಕ್ಕೆ ಹೋಗುವ ಸಮಯ ಚೆನ್ನಾಗಿಯೇ ಇತ್ತು, ಆದರೆ ಮೂರನೆಯ ಗೇರಿನ 20ರಿಂದ 80ರ ಸಾಲಿನಲ್ಲಿ ಅದೇ ಕಾರು ತನಗಿಂತ ಕಡಿಮೆ ಶಕ್ತಿಯ ಪೆಟ್ರೋಲ್ ಕಾರಿಗಿಂತ ಹಿಂದುಳಿದಿತ್ತು. ಎಂಜಿನ್ ನಿಮಿಷಕ್ಕೆ 2000 ಸುತ್ತು ದಾಟುವವರೆಗೆ ಟರ್ಬೊ ಏಳುವುದಿಲ್ಲ ಎಂಬುದನ್ನು ಆ ಒಂದು ಸಾಲು ಹೇಳುತ್ತಿತ್ತು. ತಿಂಗಳಿಗೆರಡು ಬಾರಿ ಶಿರಾಡಿ ಘಾಟಿಯಲ್ಲಿ ಇಂಧನದ ಟ್ಯಾಂಕರಿನ ಹಿಂದೆ ತೆವಳುತ್ತ ಹತ್ತಬೇಕಾದವನಿಗೆ ಬೇಕಾದ ಮಾಹಿತಿ ಅದೇ. ಕಾರನ್ನು ಕೊಂಡೆ, ಆದರೆ ಬೆಲೆಯನ್ನೂ ನನ್ನ ನಿರೀಕ್ಷೆಯನ್ನೂ ಇಳಿಸಿಕೊಂಡು ಕೊಂಡೆ. ಘಾಟಿಯಲ್ಲಿ ಗೇರನ್ನು ಒಂದು ಹಂತ ಮೊದಲೇ ಇಳಿಸುವುದನ್ನು ಮೊದಲ ದಿನದಿಂದಲೇ ಅಭ್ಯಾಸ ಮಾಡಿಕೊಂಡೆ. ಪತ್ರಿಕೆಗೆ ನಾನು ಅಂದಿನವರೆಗೆ ಕೊಟ್ಟಿದ್ದ ಎಲ್ಲ ಚಂದಾ ಹಣ ಆ ಒಂದು ವ್ಯವಹಾರದಲ್ಲಿ ಮರಳಿ ಬಂತೆಂದು ಇಂದಿಗೂ ನಂಬಿದ್ದೇನೆ.

ಆ ಸಂಚಿಕೆಯಲ್ಲಿ ಎಂಜಿನ್ನಿನ ಒಳಭಾಗವನ್ನು ಸೀಳಿ ತೋರಿಸುವ ಚಿತ್ರವಿರುವ ಪುಟದ ಅಂಚಿನಲ್ಲಿ ಒಂದು ಹೆಬ್ಬೆರಳಿನ ಗುರುತಿದೆ. ಅದು ನಮ್ಮ ಮೆಕ್ಯಾನಿಕ್‌ನದು. ಇಂಗ್ಲಿಷ್ ಓದಲು ಬಾರದಿದ್ದರೂ ಪ್ರತಿ ತಿಂಗಳು ‘ಏನ್ ಸಾರ್, ಈ ಸಲ ಪುಸ್ತಕ ಬಂತಾ?’ ಎಂದು ಕೇಳಿ, ಗ್ರೀಸ್ ಕೈಯನ್ನು ಹತ್ತಿಬಟ್ಟೆಯಲ್ಲಿ ಒರೆಸಿಕೊಂಡು, ಚಿತ್ರಗಳನ್ನು ನೋಡಿ, ನಾನು ಓದಿ ಹೇಳಿದ್ದನ್ನು ತನ್ನ ಅನುಭವದೊಂದಿಗೆ ತೂಗಿ ನೋಡುತ್ತಿದ್ದ. ತಮಿಳಿನಲ್ಲಿ ಮೋಟಾರ್ ವಿಕಟನ್, ಮಲಯಾಳಂನಲ್ಲಿ ಫಾಸ್ಟ್ ಟ್ರ್ಯಾಕ್ ಬೆಳೆದಂತೆ ಕನ್ನಡದಲ್ಲಿ ಒಂದು ಕಾರು ಮಾಸಪತ್ರಿಕೆ ಮನೆಮಾತಾಗಿದ್ದರೆ ಅವನಿಗೆ ನನ್ನ ಹಂಗು ಬೇಕಾಗುತ್ತಿರಲಿಲ್ಲ. ನಮ್ಮ ದಿನಪತ್ರಿಕೆಗಳ ವಾಹನ ಪುಟಗಳು ಈ ಕೊರತೆಯನ್ನು ತುಂಬಲಿಲ್ಲ. ಅಲ್ಲಿ ಬಿಡುಗಡೆಯಾದ ಕಾರಿನ ವರ್ಣನೆ ಇರುತ್ತದೆ, ಅಳತೆ ಇರುವುದಿಲ್ಲ.

ದೂರುಗಳಿಗೆ ಬರೋಣ. ಮೊದಲನೆಯದು ಗಾತ್ರದ್ದು. ಹಬ್ಬದ ಕಾಲದ ಹಳೆಯ ಸಂಚಿಕೆಯೊಂದನ್ನೂ ಈ ವರ್ಷದ ಒಂದು ಸಂಚಿಕೆಯನ್ನೂ ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ. ಈಗಿನದು ಹಳೆಯದರ ಅರ್ಧವೂ ತೂಗಲಿಲ್ಲ. ಕಾಗದ ತೆಳುವಾಗಿದೆ, ಹಿಂಬದಿಯ ಪುಟದ ಚಿತ್ರ ಈ ಬದಿಗೆ ಇಣುಕುತ್ತದೆ. 2019ರ ಬಜೆಟ್‌ನಲ್ಲಿ ಸುದ್ದಿ ಕಾಗದಕ್ಕೂ ಪತ್ರಿಕೆಗಳು ಬಳಸುವ ಹೊಳಪಿನ ಹಗುರ ಕಾಗದಕ್ಕೂ ಶೇ 10ರ ಆಮದು ಸುಂಕ ಬಿತ್ತು. ಮರುವರ್ಷ ಅದನ್ನು ಶೇ 5ಕ್ಕೆ ಇಳಿಸಿದರೂ ಅಷ್ಟರೊಳಗೆ 2020ರ ಲಾಕ್‌ಡೌನ್ ಬಂತು. ನನಗೆ ಆ ಬೇಸಿಗೆಯಲ್ಲಿ ಅಚ್ಚಿನ ಸಂಚಿಕೆಯ ಬದಲು ಪಿಡಿಎಫ್ ಕಡತದ ಕೊಂಡಿಗಳು ಬಂದವು. ಆಮೇಲೆ ಅಚ್ಚು ಮರಳಿತು, ಪುಟಗಳು ಮರಳಲಿಲ್ಲ.

ಎರಡನೆಯದು ವಿತರಣೆಯ ದೂರು. ಹೆಸರು ಬೇಡದ ಕೊರಿಯರ್ ಸಂಸ್ಥೆಯೊಂದು ಸಂಚಿಕೆಯನ್ನು ಸುರುಳಿ ಸುತ್ತಿ ಗೇಟಿನ ಸರಳಿಗೆ ಸಿಕ್ಕಿಸಿ ಹೋಗುತ್ತದೆ. ಮುಂಗಾರಿನ ಸಂಚಿಕೆಗಳಲ್ಲಿ ಪುಟಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸಿದರೆ ಹೊಳಪು ಸಿಪ್ಪೆಯಂತೆ ಏಳುತ್ತದೆ. ಬಾರದೇ ಹೋದ ಸಂಚಿಕೆಗಾಗಿ ಚಂದಾ ವಿಭಾಗಕ್ಕೆ ಬರೆದರೆ ‘ತಿಂಗಳ 20ರವರೆಗೆ ಕಾಯಿರಿ’ ಎನ್ನುತ್ತಾರೆ, 20 ಕಳೆದು ಬರೆದರೆ ‘ಪ್ರತಿಗಳು ಮುಗಿದಿವೆ, ಅವಧಿಯನ್ನು ಒಂದು ತಿಂಗಳು ಮುಂದೂಡಿದ್ದೇವೆ’ ಎನ್ನುತ್ತಾರೆ. ಸಂಗ್ರಹಿಸುವವನಿಗೆ ಬೇಕಾದದ್ದು ಇನ್ನೊಂದು ಸಂಚಿಕೆಯಲ್ಲ, ಅದೇ ಸಂಚಿಕೆ. ಇದನ್ನು ಅವರಿಗೆ ತಿಳಿಸಿಹೇಳುವ ಯತ್ನವನ್ನು ಬಿಟ್ಟು ವರ್ಷಗಳಾದವು.

ಮೂರನೆಯ ದೂರು ಹೆಚ್ಚು ಗಂಭೀರವಾದುದು. ಲೇಖನದ ಅಕ್ಷರ ವಿನ್ಯಾಸದಲ್ಲೇ, ಲೇಖನದ ನಡುವೆಯೇ, ಮೂಲೆಯಲ್ಲಿ ಇರುವೆ ಗಾತ್ರದ ‘ಜಾಹೀರಾತು’ ಎಂಬ ಪದ ಹೊತ್ತ ಪುಟಗಳು ಬರತೊಡಗಿವೆ. ಅಂಥ ಪುಟವನ್ನು ಅರ್ಧ ಓದಿದ ಮೇಲೆ ಗೊತ್ತಾದಾಗ, ಮುಂದಿನ ಪುಟದ ಪ್ರಾಮಾಣಿಕ ಲೇಖನವನ್ನೂ ಅನುಮಾನದಿಂದ ಓದುವಂತಾಗುತ್ತದೆ.

ಹಾಗೆ ನೋಡಿದರೆ ತಪ್ಪು ನಮ್ಮದೂ ಹೌದು. ನಾವು ಕೊಟ್ಟ ಮುಖಬೆಲೆಯಿಂದ ಇಂಥ ಪತ್ರಿಕೆ ನಡೆಯುತ್ತಿತ್ತೆಂಬುದು ಭ್ರಮೆ. ವರ್ಷದ ಚಂದಾ ಹಣಕ್ಕೆ ಇಂದು ನನ್ನ ಕಾರಿಗೆ ಅರ್ಧ ಟ್ಯಾಂಕ್ ಇಂಧನ ಬರುತ್ತದೆ; ಅದರಲ್ಲೂ ಚೀಲ, ರಿಯಾಯಿತಿ, ಸಾಗಣೆ ಕಳೆದರೆ ಉಳಿಯುವುದೇನು? ಪರೀಕ್ಷೆಯ ಉಪಕರಣ, ಛಾಯಾಗ್ರಾಹಕ, ಇಂಧನ, ಓಡಾಟ ಎಲ್ಲಕ್ಕೂ ಹಣ ಬರುತ್ತಿದ್ದುದು ಕಾರು, ಟೈರು, ಎಣ್ಣೆ ಕಂಪನಿಗಳ ಜಾಹೀರಾತಿನಿಂದ. ನಾವು ಗ್ರಾಹಕರೆಂದುಕೊಂಡಿದ್ದೆವು, ನಿಜದಲ್ಲಿ ಕಂಪನಿಗಳಿಗೆ ಮಾರಾಟವಾಗುತ್ತಿದ್ದುದು ನಮ್ಮ ಗಮನ. ಆ ಗಮನ ಮೊಬೈಲಿನಲ್ಲಿ ಅಗ್ಗಕ್ಕೆ, ಊರು ವಯಸ್ಸುಗಳ ಲೆಕ್ಕದ ಸಮೇತ ಸಿಗತೊಡಗಿದಾಗ ಜಾಹೀರಾತು ಅತ್ತ ಹರಿಯಿತು. ಜೊತೆಗೆ ಸಮಯದ ಸೋಲೂ ಸೇರಿತು. ಹೊಸ ಕಾರಿನ ಬಗ್ಗೆ ಬರೆಯಲು ಕಂಪನಿ ಒಂದು ದಿನಾಂಕವನ್ನು ಗೊತ್ತುಮಾಡುತ್ತದೆ. ಆ ಬೆಳಿಗ್ಗೆ ಯೂಟ್ಯೂಬಿನಲ್ಲಿ ಸಾಲುಸಾಲಾಗಿ ವಿಡಿಯೊಗಳು ಬರುತ್ತವೆ, ಪುಟ ಮುಗಿಸಿ, ಅಚ್ಚಿಗೆ ಕಳಿಸಿ, ಕಟ್ಟಿ, ಸಾಗಿಸಿದ ಪತ್ರಿಕೆ ಎರಡು ವಾರ ತಡವಾಗಿ ಅದೇ ಕಾರಿನ ಮುಖಪುಟ ಹೊತ್ತು ಬರುತ್ತದೆ. ಅಷ್ಟರಲ್ಲಿ ಕೊನೆಯ ಪುಟಗಳ ಬೆಲೆಪಟ್ಟಿಯೂ ಹಳಸಿರುತ್ತದೆ.

ಅಮೆರಿಕದಲ್ಲಿ ಇದು ಒಂದೇ ಏಟಿಗೆ ನಡೆಯಿತು. 2019ರ ಡಿಸೆಂಬರಿನಲ್ಲಿ ಮೋಟಾರ್ ಟ್ರೆಂಡ್ ಸಮೂಹ ತನ್ನ 22 ಅಚ್ಚಿನ ಪತ್ರಿಕೆಗಳಲ್ಲಿ 19ನ್ನು ಮುಚ್ಚುವುದಾಗಿ ಪ್ರಕಟಿಸಿತು. ಮೋಟಾರ್ ಟ್ರೆಂಡ್, ಹಾಟ್ ರಾಡ್, ಫೋರ್ ವೀಲರ್ ಮಾತ್ರ ಉಳಿದವು. ಮುಚ್ಚಿದವುಗಳಲ್ಲಿ ಡೇವಿಡ್ ಇ. ಡೇವಿಸ್ ಜೂನಿಯರ್ 1986ರಲ್ಲಿ ಆರಂಭಿಸಿದ ಆಟೋಮೊಬೈಲ್ ಕೂಡ ಇತ್ತು. ಒಂದೊಂದು ಹವ್ಯಾಸಕ್ಕೆ ಒಂದೊಂದು ಪತ್ರಿಕೆ ಎಂಬಷ್ಟು ಸಮೃದ್ಧವಾಗಿದ್ದ ಮಾರುಕಟ್ಟೆಯದು. ನಮ್ಮಲ್ಲಿ ಅಂಥ ಘೋಷಣೆಗಳಾಗುವುದು ಕಡಿಮೆ. ಪತ್ರಿಕೆ ಒಂದು ತಿಂಗಳು ತಡವಾಗುತ್ತದೆ, ಎರಡು ತಿಂಗಳದ್ದು ಒಂದೇ ಸಂಚಿಕೆಯಾಗುತ್ತದೆ, ಕೊನೆಗೆ ಅಂಗಡಿಯವನು ‘ಅದು ಬರ್ತಾ ಇಲ್ಲ’ ಎನ್ನುತ್ತಾನೆ. ಹಾಸನದ ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರುಗಳು ತೂಗಾಡುತ್ತಿವೆ.

ಬದಲಿ ಉತ್ಪನ್ನಗಳನ್ನೂ ಬಳಸಿ ನೋಡಿದ್ದೇನೆ. ಆ್ಯಪ್‌ನಲ್ಲಿ ಬರುವ ಡಿಜಿಟಲ್ ಸಂಚಿಕೆ ಅಗ್ಗ, ಒದ್ದೆಯಾಗುವುದಿಲ್ಲ, ಪದ ಹಾಕಿ ಹುಡುಕಬಹುದು. ಆದರೆ ಎರಡು ಪುಟಕ್ಕೆ ಹರಡಿದ ಚಿತ್ರವನ್ನೂ ಅದರ ಕೆಳಗಿನ ಕೋಷ್ಟಕವನ್ನೂ ಮೊಬೈಲ್ ಪರದೆಯಲ್ಲಿ ಹಿಗ್ಗಿಸುತ್ತ ಕುಗ್ಗಿಸುತ್ತ ಓದುವುದು ಕೀಲಿಕಿಂಡಿಯಿಂದ ಜಾತ್ರೆ ನೋಡಿದಂತೆ. ನಾನು ಚಂದಾ ನಿಲ್ಲಿಸಿದ ಒಂದು ಆ್ಯಪ್‌ನಲ್ಲಿ ನನ್ನ ಹಳೆಯ ಸಂಚಿಕೆಗಳಿಗೂ ಬೀಗ ಬಿತ್ತು. ವಿಡಿಯೊಗಳು ಎಂಜಿನ್ನಿನ ಸದ್ದನ್ನು ಕೇಳಿಸುತ್ತವೆ, ಹಿಂದಿನ ಸೀಟಿನಲ್ಲಿ ಆರಡಿ ಆಳು ಕುಳಿತರೆ ಮಂಡಿ ಎಲ್ಲಿಗೆ ಬರುತ್ತದೆಂದು ತೋರಿಸುತ್ತವೆ. ಆ ಮಟ್ಟಿಗೆ ಅಚ್ಚು ಅವುಗಳಿಗೆ ಸಾಟಿಯಲ್ಲ. ಒಂದು ಲಕ್ಷ ಕಿಲೋಮೀಟರ್ ಓಡಿಸಿದ ಮಾಲೀಕರು ಸರ್ವಿಸ್ ಬಿಲ್ಲುಗಳ ಸಹಿತ ಅಂತರ್ಜಾಲದಲ್ಲಿ ಬರೆಯುವ ವರದಿಗಳಂತೂ ಪತ್ರಿಕೆಯ ದೀರ್ಘಕಾಲೀನ ಪರೀಕ್ಷೆಯ ಅಂಕಣವನ್ನು ಸೋಲಿಸಿವೆ. ಪತ್ರಿಕೆಯವರು ಕಂಪನಿ ಕೊಟ್ಟ ಕಾರನ್ನು ಕೆಲವು ತಿಂಗಳು ಓಡಿಸಿ ಮರಳಿಸುತ್ತಾರೆ. ಕ್ಲಚ್ ಪ್ಲೇಟ್ ಬದಲಿಸುವ ಹೊತ್ತಿಗೆ ಅವರ ಬಳಿ ಆ ಕಾರೇ ಇರುವುದಿಲ್ಲ.

ಹಾಗಾದರೆ ಅಚ್ಚಿಗೆ ಉಳಿದಿರುವ ಕೆಲಸ ಯಾವುದು? ಅಮೆರಿಕದ ರೋಡ್ ಅಂಡ್ ಟ್ರ್ಯಾಕ್, 1947ರಷ್ಟು ಹಳೆಯ ಪತ್ರಿಕೆ, ವರ್ಷಕ್ಕೆ ಆರು ದಪ್ಪ ಸಂಚಿಕೆಗಳ, ದುಬಾರಿ ಬೆಲೆಯ ರೂಪಕ್ಕೆ ಬದಲಾಯಿತು. ಬ್ರಿಟನ್ನಿನ ದಿ ರೋಡ್ ರ್‍ಯಾಟ್‌ನಂಥವು ಕಪಾಟಿನಲ್ಲಿ ಇಡುವ ಪುಸ್ತಕದ ಹಾಗೆ ಹುಟ್ಟಿದವು. ಹಳೆಯ ಕಾರುಗಳ ಸೊಗಸನ್ನೂ ಅಪರೂಪದ ಚಿತ್ರಗಳನ್ನೂ ನೆಚ್ಚಿದ ದಾರಿಯದು, ತಪ್ಪೇನಿಲ್ಲ. ಆದರೆ ನನ್ನಂಥವನಿಗೆ ಅದರಿಂದ ಅರ್ಧ ಹೊಟ್ಟೆ. ನನಗೆ ಬೇಕಾದದ್ದು ಅಳತೆ, ಮತ್ತು ಅದರ ಅಗತ್ಯ ಈಗ ಹೆಚ್ಚಿದೆ. ವಿದ್ಯುತ್ ಕಾರೊಂದು ಒಮ್ಮೆ ಚಾರ್ಜ್ ಮಾಡಿದರೆ ಇಷ್ಟು ಕಿಲೋಮೀಟರ್ ಓಡುತ್ತದೆಂದು ಪ್ರಮಾಣಪತ್ರ ಹೇಳುವ ಅಂಕಿ ಪ್ರಯೋಗಾಲಯದ್ದು. ಹೆದ್ದಾರಿಯ ವೇಗದಲ್ಲಿ, ಎಸಿ ಹಾಕಿ, ನಾಲ್ವರನ್ನು ಕೂರಿಸಿ ಹೋದರೆ ಅದು ಗಣನೀಯವಾಗಿ ಇಳಿಯುತ್ತದೆ, ಮತ್ತು ಎಲ್ಲ ಕಾರುಗಳಲ್ಲೂ ಒಂದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಒಂದೇ ದಾರಿ, ಒಂದೇ ಕ್ರಮ, ಒಂದೇ ತೂಕದಲ್ಲಿ ಎಲ್ಲವನ್ನೂ ಓಡಿಸಿ ವರ್ಷಕ್ಕೆರಡು ಸಂಪುಟಗಳಲ್ಲಿ ಅಚ್ಚುಹಾಕಿ ಕೊಡುವವರಿದ್ದರೆ, ಸುದ್ದಿ ಪುಟಗಳನ್ನೂ ಬೆಲೆಪಟ್ಟಿಯನ್ನೂ ಕೈಬಿಟ್ಟರೂ ಈಗಿನ ಚಂದಾದ ಮೂರು ಪಟ್ಟು ಕೊಡಲು ನಾನು ಸಿದ್ಧ. ನನ್ನಂಥವರು ಎಷ್ಟು ಮಂದಿ ಇದ್ದಾರೆ ಎಂಬುದರ ಮೇಲೆ ಎಲ್ಲ ನಿಂತಿದೆ, ಮತ್ತು ಈ ವಿಷಯದಲ್ಲಿ ನನಗೆ ಅಂಥ ಧೈರ್ಯವೇನೂ ಇಲ್ಲ.

ಅಟ್ಟದಲ್ಲಿರುವ ಸಂಚಿಕೆಗಳನ್ನು ಕೊಟ್ಟುಬಿಡೋಣವೆಂದು ಮನೆಯವರು ರದ್ದಿಯವನನ್ನು ಕರೆಸಿದ್ದರು. ಹೊಳಪು ಕಾಗದಕ್ಕೆ ದಿನಪತ್ರಿಕೆಗಿಂತ ಕಡಿಮೆ ದರ ಎಂದು ಅವನು ಹೇಳಿದ್ದರಿಂದ ಆ ಮಾತು ಅಲ್ಲಿಗೇ ನಿಂತಿತು.

ಐದಕ್ಕೆ ಅಂಕ ಕೊಡಬೇಕೆಂದರೆ 2008ರ ಸುಮಾರಿನ ಪತ್ರಿಕೆಗೆ ನಾಲ್ಕೂವರೆ, ಇಂದಿನದಕ್ಕೆ ಎರಡೂವರೆ. ಆ ಎರಡೂವರೆಯಲ್ಲಿ ಎರಡು ಕೋಷ್ಟಕದ್ದೇ. ಮೂರು ವರ್ಷದ ಹಣವನ್ನು ಮುಂಗಡವಾಗಿ ಕಟ್ಟಬೇಡಿ ಎಂಬುದು ಹೊಸಬರಿಗೆ ನನ್ನ ಸಲಹೆ, ಏಕೆಂದರೆ ಪತ್ರಿಕೆ ನಿಂತರೆ ಉಳಿದ ಹಣ ಮರಳಿ ಬರುವ ಭರವಸೆಯನ್ನು ಆ ಮಿಂಚಂಚೆಯ ಕೆಳಗಿನ ಷರತ್ತುಗಳಲ್ಲಿ ಹುಡುಕಿದರೂ ಕಾಣಲಿಲ್ಲ. ನಾನು ಚೀಲವನ್ನು ಬಿಟ್ಟುಕೊಟ್ಟು ಒಂದು ವರ್ಷಕ್ಕೆ ಮಾತ್ರ ಕಟ್ಟುತ್ತಿದ್ದೇನೆ. ತಲುಪಿಸುವ ವಿಳಾಸವನ್ನು ಮನೆಯಿಂದ ನಮ್ಮ ಮೆಕ್ಯಾನಿಕ್‌ನ ಗ್ಯಾರೇಜಿಗೆ ಬದಲಿಸುತ್ತೇನೆ. ಅಲ್ಲಿ ಹಗಲೆಲ್ಲ ಯಾರಾದರೂ ಇರುತ್ತಾರೆ, ಮಳೆಗೆ ಸೂರಿದೆ. ನನ್ನ ಕೈಗೆ ಬರುವ ಹೊತ್ತಿಗೆ ಪುಟಗಳ ಮೇಲೆ ಗ್ರೀಸ್ ಆಗಿರುತ್ತದೆ, ಅದಕ್ಕೆ ನನ್ನ ತಕರಾರಿಲ್ಲ.