ಓಟ, ನಡಿಗೆ ಅಳೆಯಲು ಯಾವುದು ವಾಸಿ: ಆ್ಯಕ್ಷನ್ ಕ್ಯಾಮೆರಾನಾ, ಫೋನಾ, ಮಿರರ್‌ಲೆಸ್ಸಾ?

ಮೊದಲೇ ಹೇಳಿಬಿಡುತ್ತೇನೆ. ಆ್ಯಕ್ಷನ್ ಕ್ಯಾಮೆರಾ, ಅಂದರೆ ಗೋಪ್ರೊದಂಥ ಪುಟ್ಟ ಗಟ್ಟಿ ಕ್ಯಾಮೆರಾ, ಒಳ್ಳೆಯ ಗಡಿಯಾರ, ಆದರೆ ಸೊಟ್ಟ ಅಳತೆಕೋಲು. ಕಾಲು ಯಾವಾಗ ನೆಲ ಮುಟ್ಟಿತು, ಯಾವಾಗ ಬಿಟ್ಟಿತು ಎಂದು ಕೇಳಿದರೆ ನಂಬುವಂಥ ಉತ್ತರ ಕೊಡುತ್ತದೆ. ಮಂಡಿ ಎಷ್ಟು ಡಿಗ್ರಿ ಬಗ್ಗಿತು, ಹೆಜ್ಜೆ ಎಷ್ಟು ಉದ್ದ ಎಂದು ಕೇಳಿದರೆ ಹಾಗೇ ಒಪ್ಪಿಕೊಳ್ಳುವ ಹಾಗಿಲ್ಲ. ಸೊಟ್ಟ ತೆಗೆಯುವ ದಾರಿ ಇದೆ, ಆದರೆ ಆ ಕೆಲಸ ನಮ್ಮ ತಲೆಮೇಲೆ.

ನಾನು ಪಕ್ಕಪಕ್ಕ ಇಟ್ಟು ನೋಡಿದ್ದು ಮೂರನ್ನು: ಒಂದು ಆ್ಯಕ್ಷನ್ ಕ್ಯಾಮೆರಾ, ಸ್ಲೋ ಮೋಷನ್ ಇರುವ ಫೋನು, ಜೂಮ್ ಲೆನ್ಸ್ ಹಾಕಿದ ಮಿರರ್‌ಲೆಸ್ ಕ್ಯಾಮೆರಾ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ). ಟ್ರೆಡ್‌ಮಿಲ್ ಓಟ, ಬಯಲಿನ ಓಟ, ಕುರ್ಚಿಯಿಂದ ಎದ್ದು ನಿಲ್ಲುವುದು, ಆಮೇಲೆ ಈಜು. ಮೈಗೆಲ್ಲ ಮಾರ್ಕರ್ (ಗುರುತಿನ ಚುಕ್ಕಿ) ಅಂಟಿಸಿ ಮಿಲಿಮೀಟರಿಗಿಂತ ಕಮ್ಮಿ ತಪ್ಪಿನಲ್ಲಿ ಅಳೆಯುವ ಲ್ಯಾಬ್ ವ್ಯವಸ್ಥೆಗಳ ಲೆಕ್ಕವೇ ಬೇರೆ, ಅವನ್ನು ಇಲ್ಲಿಗೆ ಎಳೆಯುವುದಿಲ್ಲ.

ಸಮಯದ ವಿಷಯದಿಂದ ಶುರು ಮಾಡೋಣ. ಹವ್ಯಾಸಕ್ಕೆ ಓಡುವವರ ಪಾದ ಒಂದು ಹೆಜ್ಜೆಗೆ ಸುಮಾರು 200ರಿಂದ 300 ಮಿಲಿಸೆಕೆಂಡ್ ನೆಲದ ಮೇಲಿರುತ್ತದೆ. ಪೂರ್ತಿ ವೇಗದಲ್ಲಿರುವ ಸ್ಪ್ರಿಂಟರ್‌ಗೆ ಅದು 100ರ ಆಸುಪಾಸು. ಸೆಕೆಂಡಿಗೆ 30 ಫ್ರೇಮಿನ (ಬಿಡಿ ಚಿತ್ರದ) ಮಾಮೂಲಿ ವಿಡಿಯೊದಲ್ಲಿ ಒಂದು ಫ್ರೇಮ್ ಎಂದರೆ 33 ಮಿಲಿಸೆಕೆಂಡ್. ಸ್ಪ್ರಿಂಟರ್ ಹೆಜ್ಜೆ ಮೂರೇ ಫ್ರೇಮಿನಲ್ಲಿ ಮುಗಿದುಹೋಗುತ್ತದೆ, ಅದರಲ್ಲಿ ಅಳೆಯುವುದೇನು? 240 ಫ್ರೇಮಿಗೆ ಹಾಕಿದರೆ ಒಂದು ಫ್ರೇಮ್ 4.2 ಮಿಲಿಸೆಕೆಂಡ್. ಎಡಗಾಲಿಗೂ ಬಲಗಾಲಿಗೂ 10 ಮಿಲಿಸೆಕೆಂಡ್ ವ್ಯತ್ಯಾಸವಿದ್ದರೆ ಎರಡು ಮೂರು ಫ್ರೇಮಾಗಿ ಕಣ್ಣಿಗೇ ಸಿಗುತ್ತದೆ.

ಹಾಗಾದರೆ ಫೋನಿನಲ್ಲೂ 240 ಇದೆ ಅಲ್ವಾ? ಇದೆ. 2017ರ ಐಫೋನ್ 8ರಿಂದಲೇ 1080ಪಿ ಗುಣಮಟ್ಟದಲ್ಲಿ ಸಿಗುತ್ತಿದೆ. ತೊಂದರೆ ಬೇರೆ ಕಡೆ. ಹಲವು ಫೋನುಗಳಲ್ಲಿ ಫ್ರೇಮಿನಿಂದ ಫ್ರೇಮಿಗೆ ಅಂತರ ಒಂದೇ ಸಮ ಇರುವುದಿಲ್ಲ, ಸ್ವಲ್ಪ ಹಿಗ್ಗಿ ಕುಗ್ಗುತ್ತಿರುತ್ತದೆ. ಸುಮ್ನೆ ನೋಡಲು ಗೊತ್ತಾಗುವುದಿಲ್ಲ, ಫ್ರೇಮ್ ಎಣಿಸಿ ಸಮಯ ಲೆಕ್ಕ ಹಾಕುವಾಗ ಕೈಕೊಡುತ್ತದೆ. ಮೆಸೇಜಿನಲ್ಲಿ ಕಳಿಸಿದರಂತೂ ವಿಡಿಯೊ ಮತ್ತೆ ಕುಗ್ಗಿ, ಅರ್ಧ ಫ್ರೇಮುಗಳೇ ಮಾಯವಾಗಿರಬಹುದು. ಮೂಲ ಫೈಲನ್ನೇ ಕೇಬಲ್ ಹಾಕಿ ತೆಗೆದುಕೊಳ್ಳಿ. ಆ್ಯಕ್ಷನ್ ಕ್ಯಾಮೆರಾದಲ್ಲಿ ಈ ರಗಳೆ ಕಮ್ಮಿ. ಅದರ 240 ನಿಜದಲ್ಲಿ ಸಾಮಾನ್ಯವಾಗಿ 239.76, ಸಾವಿರಕ್ಕೆ ಒಂದರಷ್ಟು ವ್ಯತ್ಯಾಸ. ಒಂದು ಹೆಜ್ಜೆಯ ಲೆಕ್ಕಕ್ಕೆ ಅದನ್ನು ಮರೆತರೂ ನಡೆಯುತ್ತದೆ.

ಒಳಾಂಗಣದಲ್ಲಿ ಇನ್ನೊಂದು ಕಾಟ: ದೀಪ. ಕರೆಂಟು 50 ಹರ್ಟ್ಸ್ ಇರುವ ಕಡೆ ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಬರಿಗಣ್ಣಿಗೆ ಕಾಣದ್ದು ಸ್ಲೋ ಮೋಷನ್‌ನಲ್ಲಿ ಬೆಳಕಿನ ಅಲೆಯಾಗಿ ಓಡಾಡುತ್ತದೆ. ಆ್ಯಕ್ಷನ್ ಕ್ಯಾಮೆರಾದ ಆ್ಯಂಟಿ ಫ್ಲಿಕರ್ (ಮಿಣುಕು ತಡೆಯುವ ಸೆಟ್ಟಿಂಗ್) ಅನ್ನು 50 ಹರ್ಟ್ಸ್‌ಗೆ ಇಟ್ಟರೆ 240ರ ಜಾಗದಲ್ಲಿ 200 ಫ್ರೇಮ್ ಸಿಗುತ್ತದೆ, ಮಿಣುಕು ಬಹಳ ಮಟ್ಟಿಗೆ ಹೋಗುತ್ತದೆ. 40 ಫ್ರೇಮ್ ಕಳೆದುಕೊಂಡರೂ ನನಗೆ ಅದೇ ಇಷ್ಟ.

ಫ್ರೇಮ್ ಎಷ್ಟಿದ್ದರೇನು, ಚಿತ್ರ ಕಲೆಸಿಹೋಗಿದ್ದರೆ? ಓಡುವಾಗ ಗಾಳಿಯಲ್ಲಿರುವ ಪಾದ ಮೈಗಿಂತ ಜಾಸ್ತಿ ವೇಗದಲ್ಲಿ ಮುಂದೆ ಬರುತ್ತದೆ. ಸೆಕೆಂಡಿಗೆ 8 ಮೀಟರ್ ಎಂದಿಟ್ಟುಕೊಳ್ಳಿ. ಶಟರ್ 1/240 ಇದ್ದರೆ, ಅಂದರೆ ಒಂದೊಂದು ಚಿತ್ರಕ್ಕೆ ಸೆಕೆಂಡಿನ 240ರಲ್ಲೊಂದು ಭಾಗ ಬೆಳಕು ಬಿದ್ದರೆ, ಪಾದ 3 ಸೆಂಟಿಮೀಟರಿಗೂ ಜಾಸ್ತಿ ಉಜ್ಜಿಕೊಂಡು ಕಾಣುತ್ತದೆ. ಹಿಮ್ಮಡಿ ಎಲ್ಲಿ ಎಂದು ಚುಕ್ಕಿ ಇಡಲು ಹೋದರೆ ಬೂಟಿನ ಬಣ್ಣದ ಒಂದು ಪಟ್ಟೆ ಅಷ್ಟೇ ಸಿಗುತ್ತದೆ. 1/1000ಕ್ಕೆ ತಂದರೆ ಅದು 8 ಮಿಲಿಮೀಟರ್. ಆದರೆ ಅಷ್ಟು ಚುರುಕು ಶಟರಿಗೆ ಬೆಳಕು ಬೇಕು. ಬಿಸಿಲಿನಲ್ಲಿ ಮೂರೂ ಒಂದೇ. ಟ್ಯೂಬ್‌ಲೈಟ್ ಕೋಣೆಯಲ್ಲಿ ಆ್ಯಕ್ಷನ್ ಕ್ಯಾಮೆರಾದ ಚಿತ್ರ ಕಾಳುಕಾಳಾಗುತ್ತದೆ, ಫೋನು ಸ್ವಲ್ಪ ವಾಸಿ, ದೊಡ್ಡ ಸೆನ್ಸರಿನ ಮಿರರ್‌ಲೆಸ್ ಆರಾಮಾಗಿ ಗೆಲ್ಲುತ್ತದೆ.

ಈಗ ಸೊಟ್ಟ ಕೋಲಿಗೆ ಬರೋಣ. ಟ್ರೆಡ್‌ಮಿಲ್ ಪಕ್ಕ ಆ್ಯಕ್ಷನ್ ಕ್ಯಾಮೆರಾ ಇಟ್ಟು ವೈಡ್‌ನಲ್ಲಿ ಹಿಡಿದರೆ ಚೌಕಟ್ಟಿನ ಅಂಚಿನಲ್ಲಿರುವ ಟ್ರೆಡ್‌ಮಿಲ್ ಕಂಬ ಬಾಗಿ ಕಾಣುತ್ತದೆ. ಕಂಬ ಬಾಗಿದರೆ ಅಲ್ಲಿಗೆ ಬರುವ ಮೊಣಕಾಲೂ ಬಾಗಿದ ಹಾಗೇ. ಓಡುವವರು ಬೆಲ್ಟಿನ ಮೇಲೆ ಒಂದಿಷ್ಟು ಮುಂದೆ ಸರಿದರೆ ಸಾಕು, ಮಂಡಿಯ ಕೋನ ಬದಲಾಗದೇ ಇದ್ದರೂ ಪರದೆಯ ಮೇಲೆ ಬದಲಾಗುತ್ತದೆ. ಕ್ಯಾಮೆರಾದಲ್ಲೇ ಇರುವ ಲೀನಿಯರ್ ಮೋಡ್ (ಬಾಗು ತಿದ್ದುವ ಸೆಟ್ಟಿಂಗ್) ಹಾಕಿದರೆ ಗೆರೆಗಳು ಬಹುಪಾಲು ನೆಟ್ಟಗಾಗುತ್ತವೆ. ನನ್ನ ಪ್ರಕಾರ ಹೆಚ್ಚಿನವರಿಗೆ ಇಷ್ಟು ಸಾಕು. ಇನ್ನೂ ಬಿಗಿಯಾಗಿ ಬೇಕಾದರೆ ಕಪ್ಪು-ಬಿಳಿ ಚೌಕಗಳ ಚೆಕರ್‌ಬೋರ್ಡನ್ನು ಚೌಕಟ್ಟಿನ ಮೂಲೆ ಮೂಲೆಗೂ ಹಿಡಿದು ಚಿತ್ರೀಕರಿಸಿ, ಓಪನ್‌ಸಿವಿ ಎಂಬ ತಂತ್ರಾಂಶದಲ್ಲಿ ಲೆನ್ಸಿನ ಬಾಗು ಲೆಕ್ಕ ಹಾಕಬೇಕು. ರೆಸಲ್ಯೂಷನ್, ಫ್ರೇಮ್ ರೇಟ್, ಲೆನ್ಸ್ ಮೋಡ್ ಯಾವುದನ್ನು ಬದಲಿಸಿದರೂ ಆ ಲೆಕ್ಕವನ್ನು ಮತ್ತೆ ಮಾಡಬೇಕು.

ಸ್ಟೆಬಿಲೈಸೇಷನ್ (ಚಿತ್ರದ ನಡುಕ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿ ಆಫ್. ಗೋಪ್ರೊದಲ್ಲಿ ಅದರ ಹೆಸರು ಹೈಪರ್‌ಸ್ಮೂತ್. ಅದು ಪ್ರತಿ ಫ್ರೇಮನ್ನೂ ಬೇರೆ ಬೇರೆ ಜಾಗದಲ್ಲಿ ಕತ್ತರಿಸಿ ಜೋಡಿಸುತ್ತದೆ. ಕ್ಯಾಮೆರಾ ಟ್ರೈಪಾಡಿನಲ್ಲಿ ನೆಟ್ಟಗೆ ನಿಂತಿದ್ದರೂ ಚೌಕಟ್ಟು ಕದಲಬಹುದು. ಆಮೇಲೆ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಲೆನ್ಸಿಗಿಂತ ದೊಡ್ಡ ತಪ್ಪು ದೂರದಿಂದ ಬರುತ್ತದೆ. ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಅಳತೆಗೆ ಇಟ್ಟ, ಉದ್ದ ಗೊತ್ತಿರುವ ಕೋಲು ಕ್ಯಾಮೆರಾದಿಂದ 2 ಮೀಟರ್ ದೂರದಲ್ಲಿದ್ದು, ಅಳೆಯುವ ಕಾಲು ಅದಕ್ಕಿಂತ 15 ಸೆಂಟಿಮೀಟರ್ ಈಚೆ ಇದ್ದರೆ, ಹೆಜ್ಜೆ ಸುಮಾರು ನೂರಕ್ಕೆ 8ರಷ್ಟು ಉದ್ದ ಬರುತ್ತದೆ. 8 ಮೀಟರ್ ದೂರದಿಂದ ಹಿಡಿದರೆ ಅದೇ ತಪ್ಪು ನೂರಕ್ಕೆ 2. ಅಂದರೆ ಹಿಂದೆ ಹೋಗಿ ಜೂಮ್ ಮಾಡಬೇಕು. ಮಿರರ್‌ಲೆಸ್‌ಗೆ ಇದು ಸಲೀಸು, ಟೆಲಿ ಲೆನ್ಸಿರುವ ಫೋನಿಗೂ ಅಷ್ಟಿಷ್ಟು ಆಗುತ್ತದೆ. ಆ್ಯಕ್ಷನ್ ಕ್ಯಾಮೆರಾ ಹಿಂದೆ ಹೋದರೆ ಮನುಷ್ಯ ಚಿಕ್ಕವನಾಗುತ್ತಾನೆ: 120 ಡಿಗ್ರಿ ಅಗಲದ ಲೆನ್ಸಿನಲ್ಲಿ, 8 ಮೀಟರಿನಿಂದ, 1080ಪಿ ಚಿತ್ರದ ಒಂದು ಪಿಕ್ಸೆಲ್ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್. ಪಕ್ಕದಿಂದ ಹಿಡಿಯುವ ಒಂದೇ ಕ್ಯಾಮೆರಾದ ಅಳತೆಗೆ ಹಾಗಾಗಿ ನನ್ನ ಓಟು ಮಿರರ್‌ಲೆಸ್‌ಗೆ, ಅದಿಲ್ಲದಿದ್ದರೆ ಫೋನಿಗೆ.

ಎರಡು ಮೂರು ಕಡೆಯಿಂದ ಒಟ್ಟಿಗೆ ಹಿಡಿದು ಮೂರು ಆಯಾಮದಲ್ಲಿ ಲೆಕ್ಕ ಹಾಕುವಾಗ ಆಟ ತಿರುಗುತ್ತದೆ. ಲೆನ್ಸ್ ಲೆಕ್ಕ ಸರಿ ಇದ್ದರೆ ಹತ್ತಿರದ ಕ್ಯಾಮೆರಾ ತೊಂದರೆಯೇ ಅಲ್ಲ. ಗೋಡೆಯ ಮೂಲೆಗೆ ಆ್ಯಕ್ಷನ್ ಕ್ಯಾಮೆರಾ ಅಂಟಿಸಿದರೂ ಸಣ್ಣ ಕೋಣೆಯಲ್ಲಿ ಇಡೀ ಮೈ ಸಿಗುತ್ತದೆ. ಕುರ್ಚಿಯಿಂದ ಏಳುವ ಪರೀಕ್ಷೆಗೆ ಇದು ಹೇಳಿ ಮಾಡಿಸಿದ್ದು. ಎಲ್ಲ ಕ್ಯಾಮೆರಾಗಳ ಸಮಯ ಹೊಂದಿಸುವುದೇ ಇಲ್ಲಿನ ತಲೆನೋವು. ಚಪ್ಪಾಳೆ ತಟ್ಟಿ ಶಬ್ದದಿಂದ ಹೊಂದಿಸುವುದು ಹಲವರ ರೂಢಿ. ಆದರೆ ಶಬ್ದ 10 ಮೀಟರ್ ದಾಟಲು 29 ಮಿಲಿಸೆಕೆಂಡ್ ಬೇಕು, 240ರಲ್ಲಿ ಏಳು ಫ್ರೇಮ್ ಹೋಯಿತು! ಎಲ್ಲ ಕ್ಯಾಮೆರಾಗೂ ಕಾಣುವಂತೆ ಒಂದು ಎಲ್‌ಇಡಿ ಮಿನುಗಿಸುವುದು ಮೇಲು. ಗೋಪ್ರೊ ಲ್ಯಾಬ್ಸ್ ಫರ್ಮ್‌ವೇರ್ (ಕ್ಯಾಮೆರಾದ ಒಳಗಿನ ತಂತ್ರಾಂಶ) ಹಾಕಿದ ಕ್ಯಾಮೆರಾಗೆ ಫೋನಿನ ಕ್ಯೂಆರ್ ಕೋಡ್ ತೋರಿಸಿದರೆ ಗಡಿಯಾರ ಹೊಂದಿಕೊಳ್ಳುತ್ತದೆ, ಆದರೂ ನಾನು ಎಲ್‌ಇಡಿ ಬಿಡುವುದಿಲ್ಲ. ಇಷ್ಟೆಲ್ಲ ಬೇಡ ಎನ್ನುವವರಿಗೆ ವಿಡಿಯೊದಿಂದ ಮೈಯ ಚಲನೆ ಲೆಕ್ಕ ಹಾಕುವ, ಸ್ಟ್ಯಾನ್‌ಫರ್ಡ್‌ನವರ ಓಪನ್‌ಕ್ಯಾಪ್ ತಂತ್ರಾಂಶ ಇದೆ: ಎರಡು ಐಫೋನ್ ಅಥವಾ ಐಪ್ಯಾಡ್, ಒಂದು ಚೆಕರ್‌ಬೋರ್ಡ್, ಅಷ್ಟೇ. ಸುಲಭದಲ್ಲಿ ಫೋನೇ ಮುಂದೆ.

ವಿಡಿಯೊದಲ್ಲಿ ಅಳೆಯುವ ತಂತ್ರಾಂಶದಲ್ಲಿ ಕಿನೋವಿಯಾ ಪುಕ್ಕಟೆ, ಶುರುವಿಗೆ ಅದೇ ಸಾಕು. ಎಷ್ಟು ಫ್ರೇಮಿನಲ್ಲಿ ಹಿಡಿದದ್ದು ಎಂದು ಅದಕ್ಕೆ ಸರಿಯಾಗಿ ಹೇಳಿ. ಮೀಡಿಯಾಪೈಪ್ ಎಂಬ ಇನ್ನೊಂದು ತಂತ್ರಾಂಶ ವಿಡಿಯೊದಲ್ಲಿರುವವರ ಮೈಮೇಲೆ ತಾನೇ 33 ಚುಕ್ಕಿ ಇಡುತ್ತದೆ. ಪಕ್ಕದಿಂದ ಹಿಡಿದ ಓಟದಲ್ಲಿ ಎರಡು ಮಂಡಿ ಒಂದನ್ನೊಂದು ದಾಟುವಾಗ ಎಡವನ್ನು ಬಲ ಎಂದುಕೊಳ್ಳುವುದುಂಟು, ಅಲ್ಲಿ ಕಣ್ಣಿಟ್ಟಿರಿ.

ಈಜಿಗೆ ಮಾತ್ರ ಪೈಪೋಟಿಯೇ ಇಲ್ಲ. ಗೋಪ್ರೊ ಹೀರೊ 5ರಿಂದ ಈಚಿನ ಹೆಚ್ಚಿನ ಮಾದರಿಗಳು ಕೇಸಿಲ್ಲದೆ 10 ಮೀಟರ್ ಆಳದವರೆಗೆ ನೀರು ತಡೆಯುತ್ತವೆ. ಅಂಗೈ ನೀರಿಗಿಳಿದ ಕೂಡಲೇ ಬೆರಳುಗಳ ಹಿಂದೆ ಗುಳ್ಳೆಗಳ ಸಾಲು ಏಳುತ್ತದೆ, ಅದು ಯಾವ ಫ್ರೇಮಿನಲ್ಲಿ ಮುಗಿಯುತ್ತದೆ ಎಂದು ನೋಡಿದರೆ ಕೈ ನೀರನ್ನು ಹಿಡಿದದ್ದು ಯಾವಾಗ ಎಂಬ ಅಂದಾಜು ಸಿಗುತ್ತದೆ. ದಡದಲ್ಲಿ ನಿಂತು ಎಷ್ಟು ಒಳ್ಳೆಯ ಲೆನ್ಸಿನಿಂದ ಹಿಡಿದರೂ ಇದು ಕಾಣದು. ಒಂದೇ ಎಚ್ಚರ: ನೀರಿನ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1.33, ಹಾಗಾಗಿ ಚಪ್ಪಟೆ ಗಾಜಿನ ಹಿಂದಿರುವ ಲೆನ್ಸಿನ ನೋಟ ನೀರೊಳಗೆ ಕಿರಿದಾಗುತ್ತದೆ. ದಡದಲ್ಲಿ ಮಾಡಿದ ಲೆನ್ಸ್ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಚೆಕರ್‌ಬೋರ್ಡಿಗೆ ಲ್ಯಾಮಿನೇಷನ್ ಮಾಡಿಸಿ, ಬಾಗದ ಹಲಗೆಗೆ ಅಂಟಿಸಿ, ನೀರೊಳಗೇ ಹಿಡಿಯಿರಿ.