ಹಳೆಯ ಮಾರ್ಟಿನಿ ರೈಫಲ್‌ಗೆ ಬಿಡಿಭಾಗ ತರಿಸುವ ಮುನ್ನ ಇದನ್ನೊಮ್ಮೆ ಓದಿ

ಹಳೆಯ ಸೇನಾ ಬಂದೂಕುಗಳನ್ನು ಸಂಗ್ರಹಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಮಾರ್ಟಿನಿ ತರಹದ, ಅಂದರೆ ಕೆಳಗಿನ ಲಿವರ್ ಎಳೆದು ಒಂದೊಂದೇ ಗುಂಡು ತುಂಬುವ ರೈಫಲ್ ಇಟ್ಟುಕೊಂಡು, ಮುರಿದ ಒಂದು ಭಾಗಕ್ಕಾಗಿ ಹುಡುಕಾಡುತ್ತಿರುವವರು ದಯವಿಟ್ಟು ಪೂರ್ತಿ ಓದಿ. ನೂರು ವರ್ಷಕ್ಕೂ ಜಾಸ್ತಿ ಕಾಲ ಉಳಿದುಬಂದಿದ್ದ ನನ್ನ ರೈಫಲ್, ಒಬ್ಬರ ಅಸಡ್ಡೆಯಿಂದ ಹಾಳಾಗಿದೆ.

ಮಾರಿದವರು ಅದನ್ನು ‘ಬ್ರಿಟಿಷ್ ಮಾರ್ಟಿನಿ-ಹೆನ್ರಿ, ಮಾರ್ಕ್ 2’ ಅಂತ ಬಿಲ್ಲಿನಲ್ಲೇ ಬರೆದುಕೊಟ್ಟಿದ್ದರು (ಮಾರ್ಕ್ ಅಂದರೆ ಆವೃತ್ತಿ). ಒಳಗಿನ ಸ್ಪ್ರಿಂಗ್ ಮುರಿದಿತ್ತು. ಗೋಡೆಗೆ ಹಾಕುವ ವಸ್ತುವಾದರೂ ಲಿವರ್ ಎಳೆದಾಗ ಸರಿಯಾಗಿ ತೆರೆದು ಮುಚ್ಚಿಕೊಳ್ಳಲಿ ಅನ್ನುವುದು ನನ್ನ ಆಸೆ. ಅವರೇ ಒಂದು ಪೂರ್ತಿ ಬ್ರೀಚ್ ಬ್ಲಾಕ್ (ಬ್ಯಾರೆಲ್ಲಿನ ಹಿಂಬಾಯಿ ಮುಚ್ಚುವ ಲೋಹದ ತುಂಡು) ಸೆಟ್ ಕಳಿಸಿದರು. ಅದು ಕೂರಲಿಲ್ಲ. ಕೇಳಿದರೆ, ‘ಮಾರ್ಟಿನಿ ಅಂದ್ರೆ ಎಲ್ಲಾ ಒಂದೇ, ಸ್ವಲ್ಪ ಕೈಕೆಲಸ ಬೇಕಾಗುತ್ತೆ ಅಷ್ಟೇ’ ಅಂದರು. ತಮ್ಮ ಪರಿಚಯದ ರಿಪೇರಿಯವರಿಗೇ ಕೊಡಿ ಎಂದರು. ಮೂಲ ಲೋಹವನ್ನು ಎಲ್ಲೂ ಉಜ್ಜಬಾರದು, ಕೊರೆಯಬಾರದು ಅಂತ ಬರೆದುಕೊಟ್ಟೇ ರೈಫಲ್ ಒಪ್ಪಿಸಿದೆ.

ವಾಪಸ್ ಬಂದಾಗ ರಿಸೀವರಿನ, ಅಂದರೆ ಬ್ಲಾಕ್ ಕೂರುವ ಲೋಹದ ಚೌಕಟ್ಟಿನ ಒಳಗೋಡೆಗೆ ಅರ ಹಾಕಿದ್ದರು. ಪಿನ್ನಿಗಾಗಿ ಹೊಸ ತೂತು ಕೊರೆದಿದ್ದರು. ಕೇಳದಿದ್ದರೂ ಬ್ಯಾರೆಲ್ಲನ್ನು ಬಫ್ ಮಾಡಿ ಫಳಫಳ ಹೊಳೆಯುವಂತೆ ಮಾಡಿದ್ದರು. ಅದರ ಮೇಲಿದ್ದ ದೇವನಾಗರಿ ಅಕ್ಷರಗಳು ಅರ್ಧಕ್ಕರ್ಧ ಅಳಿಸಿಹೋಗಿದ್ದವು.

ಆ ಅಕ್ಷರಗಳೂ ಒಂದು ಸುಳಿವಾಗಿದ್ದವು. ಅದು ಬ್ರಿಟಿಷ್ ರೈಫಲ್ಲೇ ಅಲ್ಲ, ನೇಪಾಳದ ಗಹೇಂದ್ರ ರೈಫಲ್. ಅನುಭವಿ ಸಂಗ್ರಾಹಕರೊಬ್ಬರು ಮುರಿದ ಹಳೆಯ ಸ್ಪ್ರಿಂಗ್ ನೋಡಿದ ಕೂಡಲೇ ಹೇಳಿದರು. ಮಾರ್ಟಿನಿ-ಹೆನ್ರಿಯ ಬ್ಲಾಕಿನೊಳಗೆ ಸ್ಟ್ರೈಕರನ್ನು (ತೋಟೆಗೆ ಬಡಿಯುವ ಮೊಳೆ) ತಳ್ಳುವುದು ಸುರುಳಿ ಸ್ಪ್ರಿಂಗ್. ಗಹೇಂದ್ರದಲ್ಲಿ ಇರುವುದು ಚಪ್ಪಟೆ ಸ್ಪ್ರಿಂಗ್. ಹೊರಗಿನಿಂದ ಎರಡೂ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ, ಒಳಗಿನ ಯಂತ್ರ ಬೇರೆಯೇ. 1880ರ ದಶಕದಲ್ಲಿ ಜನರಲ್ ಗಹೇಂದ್ರ ಶಂಶೇರ್ ಅವರ ಕಾಲದಲ್ಲಿ ನೇಪಾಳದಲ್ಲೇ ಇವು ತಯಾರಾದವು. ಬಹುಪಾಲು ಕೈಕೆಲಸ. ಹಾಗಾಗಿ ಒಂದು ಗಹೇಂದ್ರದ ಭಾಗ ಇನ್ನೊಂದು ಗಹೇಂದ್ರಕ್ಕೇ ಸುಲಭವಾಗಿ ಕೂರುವುದಿಲ್ಲ. ಅಂಥದ್ದಕ್ಕೆ ಬ್ರಿಟಿಷ್ ಬ್ಲಾಕ್ ತುರುಕಲು ಹೊರಟರಲ್ಲ, ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಂಥ ರೈಫಲ್‌ಗಳು ಮಾರುಕಟ್ಟೆಯಲ್ಲಿ ಇರುವುದಕ್ಕೆ ಕಾರಣವಿದೆ. ಕಾಠ್ಮಂಡುವಿನ ಹಳೆಯ ಅರಮನೆಯೊಂದರಲ್ಲಿ ರಾಶಿ ಬಿದ್ದಿದ್ದ ನೇಪಾಳ ಸೇನೆಯ ಬಂದೂಕುಗಳನ್ನು 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಕೊಂಡು ಹೊರತಂದರು. ಅದರಲ್ಲಿ ಬ್ರಿಟಿಷ್ ಮಾರ್ಟಿನಿಗಳೂ ಇದ್ದವು, ಗಹೇಂದ್ರಗಳೂ ಇದ್ದವು. ಹಾಗಾಗಿ ನೇಪಾಳದಿಂದ ಬಂದದ್ದು ಅನ್ನುವ ಮಾತೊಂದರಿಂದಲೇ ಏನನ್ನೂ ತೀರ್ಮಾನಿಸಲು ಬರುವುದಿಲ್ಲ.

ನಿಜವಾದ ಬ್ರಿಟಿಷ್ ಸೇನಾ ಮಾರ್ಟಿನಿ-ಹೆನ್ರಿಯ ರಿಸೀವರಿನ ಬಲಬದಿ ನೋಡಿ. ಕಿರೀಟ, ಅದರ ಕೆಳಗೆ ವಿಕ್ಟೋರಿಯಾ ರಾಣಿಯನ್ನು ಸೂಚಿಸುವ ವಿ.ಆರ್. ಅಕ್ಷರ, ತಯಾರಕರ ಹೆಸರು, ವರ್ಷ, ಮಾರ್ಕ್ ಸಂಖ್ಯೆ ಇರುತ್ತವೆ. ನನ್ನದರಲ್ಲಿ ಇದು ಯಾವುದೂ ಇರಲಿಲ್ಲ. ‘ಸವೆದು ಹೋಗಿದೆ’ ಅಂತ ಮಾರಿದವರು ಸಮಜಾಯಿಷಿ ಕೊಟ್ಟಿದ್ದರು. ಅಕ್ಕಪಕ್ಕದ ಅಂಚುಗಳೆಲ್ಲ ಚೂಪಾಗಿಯೇ ಇದ್ದು, ಗುರುತು ಮಾತ್ರ ಸವೆಯುವುದು ಹೇಗೆ? ಈ ವಾದವನ್ನು ಯಾರೇ ಹೇಳಲಿ, ನಂಬಬೇಡಿ.

ಗುರುತು ಇದ್ದ ಮಾತ್ರಕ್ಕೂ ಸಮಾಧಾನ ಬೇಡ. ಖೈಬರ್ ಕಣಿವೆಯ ಸುತ್ತಮುತ್ತ ಕೈಯಲ್ಲಿ ಮಾಡಿದ ನಕಲುಗಳಲ್ಲಿ ಕಿರೀಟವನ್ನೂ ಅಕ್ಷರಗಳನ್ನೂ ಕೆತ್ತಿರುತ್ತಾರೆ. ಕಾಗುಣಿತ ತಪ್ಪಿರುತ್ತದೆ, ಕೆಲವು ಅಕ್ಷರ ತಿರುಗುಮುರುಗಾಗಿರುತ್ತವೆ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ವಿ.ಆರ್. ಜೊತೆಗೆ ಅದಕ್ಕಿಂತ ಈಚಿನ ವರ್ಷ ಕಂಡರೆ ಅಲ್ಲಿಗೆ ಅನುಮಾನ ಪಕ್ಕಾ. ಇನ್ನು ನೇಪಾಳದ ಬಂದೂಕಿನಲ್ಲಿ ವರ್ಷದಂತೆ ಕಾಣುವ ನಾಗರಿ ಅಂಕಿ ಇದ್ದರೆ, ಅದು ವಿಕ್ರಮ ಸಂವತ್ ಇರಬಹುದು. 1942 ಅಂದರೆ ಸುಮಾರು 1885.

ಬ್ರಿಟಿಷ್ ರೈಫಲ್ ಅಂತ ಖಾತ್ರಿಯಾದ ಮೇಲೂ ‘ಎಲ್ಲಾ ಒಂದೇ’ ಅನ್ನುವ ಮಾತು ಸುಳ್ಳು. ಮೂಲ ರೈಫಲ್ .577/450 ಗುಂಡಿನದು. ಮಾರ್ಟಿನಿ-ಎನ್‌ಫೀಲ್ಡ್ .303 ಗುಂಡಿನದು, ಅದರ ಎಕ್ಸ್‌ಟ್ರಾಕ್ಟರ್ (ಖಾಲಿ ತೋಟೆಯನ್ನು ಹೊರಗೆಳೆಯುವ ಭಾಗ) ಬೇರೆ. ಮಾರ್ಕ್ 4ರ ಲಿವರ್ ಉದ್ದ. ಆಸ್ಟ್ರೇಲಿಯಾದ ಶಾಲಾ ಕೆಡೆಟ್‌ಗಳಿಗಾಗಿ ಮಾಡಿದ .310 ಪುಟ್ಟ ಮಾರ್ಟಿನಿಯಂತೂ ಅಳತೆಯಲ್ಲೇ ಚಿಕ್ಕದು.

ಬಿಡಿಭಾಗ ಮಾರುವವರು ನಿಮ್ಮ ರೈಫಲ್‌ನ ಒಳಭಾಗದ ಫೋಟೋ ಕೇಳದೇ ‘ಫಿಟ್ ಆಗುತ್ತೆ’ ಅಂದರೆ ಅಲ್ಲೇ ನಿಲ್ಲಿಸಿ. ಯಾವ ಮಾರ್ಕಿನದು, ಹಳೆಯ ಅಸಲಿಯೋ ಹೊಸ ಎರಕವೋ ಅಂತ ಬರವಣಿಗೆಯಲ್ಲಿ ಕೇಳಿ. ನಿಮ್ಮ ಹಳೆಯ ಭಾಗವನ್ನು ಕ್ಯಾಲಿಪರ್‌ನಲ್ಲಿ ಅಳೆದು, ಅವರ ಭಾಗದ ಅದೇ ಅಳತೆಗಳನ್ನು ತರಿಸಿಕೊಳ್ಳಿ. ಮುರಿದದ್ದನ್ನು ಎಸೆಯಲೇಬೇಡಿ. ನನ್ನ ರೈಫಲ್ ಯಾವುದು ಅಂತ ತಿಳಿದದ್ದೇ ಮುರಿದ ಸ್ಪ್ರಿಂಗಿನಿಂದ. ಬ್ಲಾಕ್, ಬ್ಯಾರೆಲ್ ಮುಂತಾದವಕ್ಕೆ ಹಲವು ದೇಶಗಳಲ್ಲಿ ಪೂರ್ತಿ ಬಂದೂಕಿನಂತೆಯೇ ಕಾನೂನು ಅನ್ವಯಿಸುತ್ತದೆ, ಮೊದಲು ಅದನ್ನೂ ವಿಚಾರಿಸಿ. ಮತ್ತೆ, ಹೀಗೆ ಅರ ಹಾಕಿ ಕೂರಿಸಿದ ಭಾಗವಿರುವ ಬಂದೂಕಿನಿಂದ ಗುಂಡು ಹಾರಿಸುವ ಯೋಚನೆಯನ್ನು ಯಾರೂ ಮಾಡಬಾರದು. ಬ್ಲಾಕ್ ಸರಿಯಾಗಿ ತಡೆಹಿಡಿಯದಿದ್ದರೆ ಬಿಸಿ ಅನಿಲ ಹಿಂದಕ್ಕೆ, ಮುಖದ ಕಡೆಗೇ ನುಗ್ಗುತ್ತದೆ.

ಮಾರಿದವರು ಬ್ಲಾಕಿನ ಹಣ ವಾಪಸ್ ಕೊಡಲು ಒಪ್ಪಿದ್ದಾರೆ. ಕೊರೆದ ತೂತಿನ ಬಗ್ಗೆ, ಅಳಿಸಿದ ಅಕ್ಷರಗಳ ಬಗ್ಗೆ ಅವರದ್ದು ಒಂದೇ ಉತ್ತರ: ಅದು ರಿಪೇರಿಯವರ ಜವಾಬ್ದಾರಿ. ರಿಪೇರಿಯವರು ಫೋನ್ ಎತ್ತುತ್ತಿಲ್ಲ.